ಚಿನ್ನದ ನಾಡಿನಲ್ಲಿ ಭೋಗ ಮತ್ತು ಅಂತಸ್ತು

ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ ಮಾರಿಕುಪ್ಪದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಕೋರಮಂಡಲ್ ಎಂಬ ನಿಲ್ದಾಣ ಸಿಗುತ್ತದೆ. ಹೆಸರು ಕೇಳಿ ಕಡಲತೀರವನ್ನು ಕಲ್ಪಿಸಿಕೊಂಡವರಿಗೆ ಕಾಣುವುದು ಒಣನೆಲ, ಗಣಿಯ ಕಸ ಸುರಿದು ಬೆಳೆದ ಬೂದು ದಿಬ್ಬಗಳು. ಮನುಷ್ಯನು ಉಣ್ಣುವ, ಉಡುವ, ಬಳಸುವ ವಸ್ತುಗಳಿಗೂ ಸಮಾಜದಲ್ಲಿ ಅವನ ಅಂತಸ್ತಿಗೂ ಇರುವ ನಂಟನ್ನು ಕುರಿತು ಯೋಚಿಸುವಾಗ ನನಗೆ ಮೊದಲು ನೆನಪಾಗುವುದು ಈ ಪ್ರದೇಶ.

ಸಿರಿವಂತರು ಎಷ್ಟೋ ವಸ್ತುಗಳನ್ನು ಕೊಳ್ಳುವುದು ಬಳಕೆಗಲ್ಲ, ನೋಡುವವರ ಕಣ್ಣಿಗೆ ಎಂದು ಅಮೆರಿಕದ ಥಾರ್ಸ್ಟೀನ್ ವೆಬ್ಲನ್ 1899ರಲ್ಲಿ ವಿರಾಮಜೀವಿ ವರ್ಗವನ್ನು ಕುರಿತ ಗ್ರಂಥದಲ್ಲಿ ವಾದಿಸಿದ. ಅದೇ ಕಾಲದಲ್ಲಿ ಇಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತ. ಅಧಿಕಾರಿಗಳ ವಿಶಾಲವಾದ ಬಂಗಲೆ, ಹೂದೋಟ, ಕ್ಲಬ್ಬು, ಗಾಲ್ಫ್ ಮೈದಾನಗಳಿಂದ ಊರಿಗೆ ‘ಲಿಟ್ಲ್ ಇಂಗ್ಲೆಂಡ್’ ಎಂಬ ಹೆಸರೇ ಬಿದ್ದಿತು. ವೆಬ್ಲನ್ ಬಂದಿದ್ದರೆ ತನ್ನ ವಾದಕ್ಕೆ ಸಾಕ್ಷ್ಯ ಸಿಕ್ಕಿತೆಂದು ಹಿಗ್ಗುತ್ತಿದ್ದನೇನೋ!

ಆದರೆ ಆ ಬಂಗಲೆಗಳ ಆಚೆಗೆ ಲೈನುಗಳಿದ್ದವು. ಉತ್ತರ ಆರ್ಕಾಟಿನಂಥ ತಮಿಳು ಜಿಲ್ಲೆಗಳಿಂದ ಬಂದ, ಬಹುಪಾಲು ದಲಿತರೇ ಆಗಿದ್ದ ಕಾರ್ಮಿಕರು ಬಿದಿರಿನ ತಟ್ಟಿಯ ಗುಡಿಸಲುಗಳಲ್ಲಿ ವಾಸಿಸುತ್ತಿದ್ದರು. ಆ ಗುಡಿಸಲು ಅವರ ಅಭಿರುಚಿಯಲ್ಲ, ಆಯ್ಕೆಯೂ ಅಲ್ಲ. ಇಲ್ಲಿ ವೆಬ್ಲನ್ನನ ಸೂತ್ರವನ್ನು ತಿರುವಿ ಓದಬೇಕಾಗುತ್ತದೆ. ಭೋಗವು ಅಂತಸ್ತನ್ನು ಸಾರುವ ಮೊದಲೇ ಅಂತಸ್ತು ಭೋಗವನ್ನು ಅಳೆದು ಕೊಟ್ಟುಬಿಟ್ಟಿರುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು ನೂರೈವತ್ತು ಕಿಲೋಮೀಟರು ದಾಟಿ ವಿದ್ಯುತ್ತು ಈ ಗಣಿಗಳಿಗೆ ಬಂದಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಹಾಗೆಂದು ಕೋಲಾರದ ಕೂಲಿಯವನು ರಾಜಧಾನಿಯವರಿಗಿಂತ ಭಾಗ್ಯವಂತನೆನ್ನಬಹುದೇ? ವಿದ್ಯುತ್ತನ್ನು ತರಿಸಿದ್ದು ಗಣಿಯ ಯಂತ್ರಗಳಿಗಾಗಿ, ಅವನ ಗುಡಿಸಲಿಗಾಗಿ ಅಲ್ಲ.

ಇನ್ನು ಚಿನ್ನದ ಮಾತು. ಕಾದ ಬಂಡೆಗಳ ನಡುವೆ, ಮೂರು ಕಿಲೋಮೀಟರಿಗೂ ಆಳದಲ್ಲಿ ಅದನ್ನು ಅಗೆದವನಿಗೆ ಅದರ ಒಂದು ಚೂರು ಜೇಬಿನಲ್ಲಿದ್ದರೂ ಅಪರಾಧ. ಹೆಂಡತಿಯ ಓಲೆಯನ್ನು ಅವನು ಎಲ್ಲರಂತೆ ಪೇಟೆಯ ಅಂಗಡಿಯಲ್ಲೇ ಕೊಳ್ಳಬೇಕಿತ್ತು. ಬಂಗಲೆಯವನಿಗೆ ಚಿನ್ನವೆಂದರೆ ಲಾಭದ ಅಂಕಿ. ಕಾರ್ಮಿಕನ ಮನೆಯಲ್ಲಿ ಅದೇ ಬ್ಯಾಂಕು, ಅದೇ ವೈದ್ಯರ ಶುಲ್ಕ, ಅದೇ ಮಗಳ ಮದುವೆ. ಬಡವರ ಒಡವೆಯ ಆಸೆಯನ್ನು ಆಡಂಬರವೆಂದು ಹಳಿಯುವ ನಮ್ಮ ಮಧ್ಯಮವರ್ಗದ ಸಜ್ಜನರು (ನಾನೂ ಒಂದು ಕಾಲಕ್ಕೆ ಹಳಿದವನೇ) ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಕಾರ್ಮಿಕರ ಮಕ್ಕಳು ನಸುಕಿನ ಗಾಡಿ ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರ ಕೈಯಲ್ಲೂ ಮೊಬೈಲಿದೆ, ಮನೆಯಲ್ಲಿ ಟಿ.ವಿ. ಇದೆ. ವಸ್ತುಗಳನ್ನಷ್ಟೇ ಎಣಿಸಿದರೆ ಅವರಿಗೂ ನಮಗೂ ಅಂತರವೇ ಇಲ್ಲವೆನಿಸೀತು. ಒಮ್ಮೆ ಆ ಗಾಡಿಯಲ್ಲಿ ನನ್ನೆದುರು ಕುಳಿತಿದ್ದ ಹೆಣ್ಣುಮಗಳ ಕೊರಳಲ್ಲಿ ಹೊಳೆಯುವ ಸರವಿತ್ತು. ನಾನು ನೋಡಿದ್ದನ್ನು ಗಮನಿಸಿ ಆಕೆ ನಕ್ಕಳು. “ಒಂದು ಗ್ರಾಮಿನದು ಸಾರ್, ಬರೀ ಮೇಲಿನ ನೀರು. ನಿಜವಾದ್ದು ಗಿರವಿಯಲ್ಲಿದೆ. ನಮ್ಮಪ್ಪ ಚಾಂಪಿಯನ್ ಗಣಿಯಲ್ಲಿದ್ದಾಗ ಮಾಡಿಸಿದ್ದು.”