ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಗಿಬ್ಸನ್ ಗಿಟಾರಿನ 2015ರ ಮರುವಿನ್ಯಾಸ

ಹೆಸರು ಮಾಡಿದ ಹಳೆಯ ಉತ್ಪನ್ನದ ಸ್ವರೂಪವನ್ನು ಬದಲಿಸುವುದು ಯಾವ ತಯಾರಕನಿಗೂ ಸುಲಭದ ನಿರ್ಧಾರವಲ್ಲ. ಬದಲಿಸದಿದ್ದರೆ ಕಾಲ ಮುಂದೆ ಸಾಗುತ್ತದೆ. ಬದಲಿಸಿದರೆ ಹಳೆಯ ಗಿರಾಕಿ ಮುನಿಸಿಕೊಳ್ಳುತ್ತಾನೆ. ಬದಲಾವಣೆ ಸೋತಾಗಲಂತೂ 'ಇದ್ದುದನ್ನು ಇದ್ದಂತೆ ಬಿಡಬೇಕಿತ್ತು' ಎಂಬ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಅಮೆರಿಕದ ಗಿಬ್ಸನ್ ಸಂಸ್ಥೆಯು 2015ರ ಸಾಲಿನ ವಿದ್ಯುತ್ ಗಿಟಾರುಗಳಿಗೆ ಮಾಡಿದ ಮರುವಿನ್ಯಾಸವನ್ನು ಈ ಮಾತಿಗೆ ಸಾಕ್ಷಿಯೆಂದು ಇಂದಿಗೂ ಮುಂದಿಡಲಾಗುತ್ತದೆ. ವಾದಕರು ಅದನ್ನು ಒಪ್ಪಲಿಲ್ಲ. ಅಂಗಡಿಗಳಲ್ಲಿ ಸರಕು ಉಳಿಯಿತು. 2018ರ ಮೇ ತಿಂಗಳಲ್ಲಿ ಸಂಸ್ಥೆಯೇ ದಿವಾಳಿ ಅರ್ಜಿ ಸಲ್ಲಿಸಿತು. ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ, ಎಲ್ಲಕ್ಕೂ ಹೊಸ ವಿನ್ಯಾಸವೇ ಕಾರಣವೆಂದು ಹೇಳುವುದು ರೂಢಿಯಾಗಿದೆ.

ಆದರೆ ವಿನ್ಯಾಸ, ಬೆಲೆ ಮತ್ತು ಸಾಲ ಇವು ಮೂರು ಬೇರೆ ಬೇರೆ ಖಾತೆಗಳು. ಅವುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿದರೆ ಆರೋಪಿಯ ಸ್ಥಾನದಲ್ಲಿ ನಿಂತಿರುವ ವಿನ್ಯಾಸವು ಬಹುಮಟ್ಟಿಗೆ ನಿರ್ದೋಷಿ ಎಂಬುದು ಕಂಡುಬರುತ್ತದೆ.

ಹಳೆಯ ವಾದ್ಯ, ಹಳೆಯ ದೋಷ

ಗಿಬ್ಸನ್ ಸಂಸ್ಥೆ 1902ರಲ್ಲಿ ಮಿಶಿಗನ್ ರಾಜ್ಯದ ಕಲಮಜೂ ಪಟ್ಟಣದಲ್ಲಿ ಸ್ಥಾಪನೆಯಾಯಿತು. ಖ್ಯಾತ ವಾದಕ ಲೆಸ್ ಪಾಲ್ ಅವರ ಹೆಸರಿನಲ್ಲಿ, ಒಡಲು ಟೊಳ್ಳಾಗಿರದ ಗಟ್ಟಿಮರದ ವಿದ್ಯುತ್ ಗಿಟಾರನ್ನು ಅದು 1952ರಲ್ಲಿ ಮಾರುಕಟ್ಟೆಗೆ ತಂದಿತು. ಇಂದು 'ಲೆಸ್ ಪಾಲ್' ಎಂದರೆ ವಿದ್ಯುತ್ ಗಿಟಾರುಗಳಲ್ಲಿ ಒಂದು ಮಾನದಂಡ.

ಇಷ್ಟು ಹೆಸರಾದ ವಾದ್ಯಕ್ಕೆ ಒಂದು ಹಳೆಯ ದೋಷವೂ ಉಂಟು. ಕತ್ತಿನ ತುದಿಯಲ್ಲಿ ತಂತಿಗಳನ್ನು ತಮ್ಮ ತಮ್ಮ ಜಾಗದಲ್ಲಿ ಹಿಡಿದಿಡುವ ಕಿರುಪಟ್ಟಿಗೆ 'ನಟ್' ಎಂದು ಹೆಸರು. ಗಿಬ್ಸನ್ ಗಿಟಾರಿನಲ್ಲಿ ತಂತಿಗಳು ಈ ಪಟ್ಟಿಯನ್ನು ದಾಟಿದೊಡನೆ ಎಡಕ್ಕೆ ಮೂರು, ಬಲಕ್ಕೆ ಮೂರು ಎಂದು ಬಾಗಿ ಬಿರಡೆಗಳತ್ತ ಸಾಗುತ್ತವೆ; ಜೊತೆಗೆ ಹಿಂದಕ್ಕೆ ವಾಲಿದ ತಲೆಭಾಗದ ಕಡೆಗೆ ಇಳಿಯುತ್ತವೆ. ಹೀಗೆ ಎರಡು ದಿಕ್ಕಿನಲ್ಲಿ ಬಾಗುವ ತಂತಿ ಪಟ್ಟಿಯ ಗಾಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ವಾದಕನು ತಂತಿಯನ್ನು ಎಳೆದು ನುಡಿಸಿದ ಮೇಲೆ ಅದು ಪೂರ್ತಿ ಹಿಂದಿನ ಸ್ಥಾನಕ್ಕೆ ಮರಳದೆ ಶ್ರುತಿ ಕದಲುತ್ತದೆ. ಇದು ವಾದಕರೆಲ್ಲರಿಗೂ ತಿಳಿದಿರುವ, ದಶಕಗಳಿಂದ ಸಹಿಸಿಕೊಂಡು ಬಂದಿರುವ ಕೊರತೆ.

2015ರಲ್ಲಿ ಬದಲಾದುದೇನು?

ಆ ವರ್ಷದ ಬದಲಾವಣೆಗಳಲ್ಲಿ ಮೂರು ಮುಖ್ಯವಾದವು. ಮೊದಲನೆಯದು, ತಾನೇ ಶ್ರುತಿ ಮಾಡುವ ಯಂತ್ರ. ಜರ್ಮನಿಯ ಟ್ರೋನಿಕಲ್ ಸಂಸ್ಥೆಯ ತಂತ್ರಜ್ಞಾನದ ಈ ಸಾಧನಕ್ಕೆ ಗಿಬ್ಸನ್ 'ಜಿ-ಫೋರ್ಸ್' ಎಂದು ಹೆಸರಿಟ್ಟಿತು. ತಂತಿಗಳನ್ನು ಮೀಟಿದರೆ ಸಾಕು. ಯಂತ್ರವು ಕಂಪನವನ್ನು ಗ್ರಹಿಸಿ, ಬಿರಡೆಗಳಲ್ಲಿನ ಪುಟ್ಟ ಮೋಟಾರುಗಳಿಂದ ತಂತಿಗಳನ್ನು ಬಿಗಿದು ಅಥವಾ ಸಡಿಲಿಸಿ ಕ್ಷಣಗಳಲ್ಲಿ ಶ್ರುತಿಗೆ ತರುತ್ತದೆ. ಬೇರೆ ಬೇರೆ ಶ್ರುತಿ ಕ್ರಮಗಳೂ ಅದರ ಸ್ಮರಣೆಯಲ್ಲಿರುತ್ತವೆ. ಒಂದೊಂದು ಹಾಡಿಗೆ ಒಂದೊಂದು ಶ್ರುತಿ ಬೇಕೆಂದು ಹಲವು ಗಿಟಾರುಗಳನ್ನು ಹೊತ್ತೊಯ್ಯುವ ವಾದಕನಿಗೂ, ಶ್ರುತಿ ಕೂಡಿಸಲು ಇನ್ನೂ ಕಿವಿ ಪಳಗದ ವಿದ್ಯಾರ್ಥಿಗೂ ಇದರ ಉಪಯೋಗ ಸ್ಪಷ್ಟ.

ಎರಡನೆಯದು, ಹಿತ್ತಾಳೆಯ ಹೊಸ ನಟ್. ಇದರಲ್ಲಿ ತಂತಿಗಳು ಗಾಡಿಗಳ ಬದಲು ಒಂದು ಲೋಹದ ಫ್ರೆಟ್ ಮೇಲೆ ಕೂರುತ್ತವೆ. ಇದರಿಂದ ಬೆರಳೊತ್ತದ ತಂತಿಯ ನಾದವೂ ಬೆರಳೊತ್ತಿದ ತಂತಿಯ ನಾದವೂ ಒಂದೇ ಗುಣದ್ದಾಗುತ್ತವೆ. ತಂತಿಗಳ ಎತ್ತರವನ್ನು ಸಹ ತಿರುಪುಗಳಿಂದ ಮನೆಯಲ್ಲಿಯೇ ಸರಿಪಡಿಸಬಹುದು. ಮೊದಲಿನಂತೆ ರಿಪೇರಿಯವನ ಅರದ ಕೆಲಸ ಬೇಕಿಲ್ಲ.

ಮೂರನೆಯದು, ಕತ್ತಿನ ಅಗಲ. ನಟ್ ಬಳಿ ಸುಮಾರು 0.1 ಅಂಗುಲದಷ್ಟು, ಅಂದರೆ ಎರಡೂವರೆ ಮಿಲಿಮೀಟರಿನಷ್ಟು ಅಗಲವನ್ನು ಹೆಚ್ಚಿಸಲಾಯಿತು. ಅಂಚಿನ ತಂತಿಗಳು ಒತ್ತಿದಾಗ ಹೊರಗೆ ಜಾರದಿರಲೆಂಬುದು ಉದ್ದೇಶ.

ಇವುಗಳ ಜೊತೆಗೆ, 1915ರಲ್ಲಿ ಜನಿಸಿದ್ದ ಲೆಸ್ ಪಾಲ್ ಅವರ ಶತಮಾನೋತ್ಸವದ ಗುರುತನ್ನು ತಲೆಭಾಗದ ಮೇಲೆ ಹಾಕಿ, ಹಿಂಬದಿಗೆ ಹೊಲೊಗ್ರಾಮ್ ಅಂಟಿಸಲಾಯಿತು. ಈ ಅಲಂಕಾರವನ್ನು ಸಮರ್ಥಿಸುವ ಅಗತ್ಯವಿಲ್ಲ. ಮೇಲಿನ ಮೂರು ಬದಲಾವಣೆಗಳಾದರೋ ವಾದಕನ ನಿಜವಾದ ತೊಂದರೆಗಳಿಗೆ ಉತ್ತರಗಳಾಗಿದ್ದವು. ಹಿತ್ತಾಳೆ ಮೃದು ಲೋಹವಾದ್ದರಿಂದ ನಟ್ ಬೇಗ ಸವೆಯುತ್ತದೆಂಬ ದೂರು ಬಂದುದು ಸತ್ಯ. 2016ರ ಉನ್ನತ ಶ್ರೇಣಿಯಲ್ಲಿ ಅದನ್ನು ಟೈಟಾನಿಯಂನಿಂದ ಮಾಡಲಾಯಿತು. ಲೋಹ ಬದಲಾಯಿತು, ಕಲ್ಪನೆ ಉಳಿಯಿತು. ಹೊಸ ಉತ್ಪನ್ನದ ಮೊದಲ ವರ್ಷದಲ್ಲಿ ಇಂತಹ ತಿದ್ದುಪಡಿ ಯಾವ ಕಾರ್ಖಾನೆಗೂ ಹೊಸದಲ್ಲ.

ಗಿರಾಕಿಯ ವಿರೋಧ ಹೊಸದಲ್ಲ

ಇಂದು ಪರಮ ಶ್ರೇಷ್ಠವೆನಿಸಿರುವ 1958ರಿಂದ 1960ರವರೆಗಿನ ಲೆಸ್ ಪಾಲ್ ಗಿಟಾರುಗಳು ತಮ್ಮ ಕಾಲದಲ್ಲಿ ಸರಿಯಾಗಿ ಮಾರಾಟವಾಗಲಿಲ್ಲ. ಆ ಮೂರು ವರ್ಷಗಳಲ್ಲಿ ತಯಾರಾದವು ಎರಡು ಸಾವಿರಕ್ಕಿಂತ ಕಡಿಮೆ. ಮಾರಾಟ ಕುಸಿದುದರಿಂದಲೇ ಸಂಸ್ಥೆಯು 1961ರಲ್ಲಿ ತೆಳುವಾದ, ಹಗುರವಾದ, ಎರಡು ಕೊಂಬುಗಳುಳ್ಳ ಹೊಸ ಒಡಲನ್ನು ರೂಪಿಸಿತು. ಈ ಬದಲಾವಣೆ ಸ್ವತಃ ಲೆಸ್ ಪಾಲ್ ಅವರಿಗೇ ಹಿಡಿಸಲಿಲ್ಲ. 1963ರ ವೇಳೆಗೆ ಅವರ ಹೆಸರನ್ನು ತೆಗೆದು ವಾದ್ಯವನ್ನು 'ಎಸ್‌ಜಿ' ಎಂದು ಕರೆಯಲಾಯಿತು. ಮೂಲ ವಾದ್ಯದ ಜನಕನಿಗೇ ಬೇಡವಾದ ಆ ವಿನ್ಯಾಸ ಮುಂದೆ ಸಂಸ್ಥೆಯ ಅತ್ಯಂತ ಯಶಸ್ವಿ ಮಾದರಿಗಳಲ್ಲಿ ಒಂದಾಯಿತು. ಹಳೆಯ ರೂಪಕ್ಕೆ ಬೇಡಿಕೆ ಮರಳಿದಾಗ 1968ರಲ್ಲಿ ಅದನ್ನೂ ಪುನಃ ತಯಾರಿಸತೊಡಗಿದರು. ಇಂದು ಎರಡೂ ಅಕ್ಕಪಕ್ಕದಲ್ಲಿ ಮಾರಾಟವಾಗುತ್ತಿವೆ. ಅಂದು ಮಾರಾಟವಾಗದೆ ಉಳಿದ ಮೂಲ ಮಾದರಿಗೆ ಇಂದು ಸಂಗ್ರಾಹಕರು ಲಕ್ಷಾಂತರ ಡಾಲರ್ ತೆರುತ್ತಾರೆ.

ಇನ್ನೊಂದು ನಿದರ್ಶನ. ಗಿಬ್ಸನ್ ಗಿಟಾರು ಕೆಳಗೆ ಬಿದ್ದರೆ 17 ಅಂಶಗಳಷ್ಟು ಹಿಂದಕ್ಕೆ ವಾಲಿದ ತಲೆಭಾಗ ಕತ್ತಿನ ಬಳಿ ಮುರಿಯುವುದು ಪ್ರಸಿದ್ಧವಾದ ದೌರ್ಬಲ್ಯ. ಅರವತ್ತರ ದಶಕದ ಮಧ್ಯಭಾಗದಲ್ಲಿ ಸಂಸ್ಥೆಯು ಆ ಕೋನವನ್ನು 14 ಅಂಶಗಳಿಗೆ ಇಳಿಸಿತು. ಎಪ್ಪತ್ತರ ದಶಕದಲ್ಲಿ ಆ ಜಾಗಕ್ಕೆ ಹೆಚ್ಚಿನ ಮರದ ಉಬ್ಬನ್ನು ಬಿಟ್ಟು ಬಲ ಕೊಟ್ಟಿತು. ಗಟ್ಟಿತನದ ದೃಷ್ಟಿಯಿಂದ ಇವೆರಡೂ ಸುಧಾರಣೆಗಳೇ. ಆದರೆ ಸಂಗ್ರಾಹಕರಿಗೆ ಅವು ಬೇಡವಾದವು. ಎಂಬತ್ತರ ದಶಕದ ಆರಂಭದಲ್ಲಿ ಉಬ್ಬು ಹೋಯಿತು, ಕ್ರಮೇಣ ಹಳೆಯ ಕೋನವೇ ಮರಳಿತು. ಗಿರಾಕಿ ಇಲ್ಲಿ ಕೊಳ್ಳುತ್ತಿದ್ದುದು ವಾದ್ಯದ ಜೊತೆಗೆ ಒಂದು ನೆನಪನ್ನು.

ಮೂರನೆಯ ನಿದರ್ಶನಕ್ಕೆ ಭಾರತದ ಸಂಬಂಧವೂ ಉಂಟು. ಗಿಟಾರಿನಲ್ಲಿ ಬೆರಳೊತ್ತುವ ಪಟ್ಟಿಗೆ ವಿಶ್ವದಾದ್ಯಂತ ಬಳಕೆಯಾಗುವ ಮರಗಳಲ್ಲಿ ಮಲೆನಾಡಿನವರಿಗೆ ಪರಿಚಿತವಾದ ಬೀಟೆಯೂ ಒಂದು. 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ನಡೆಸಿ, ಭಾರತದಿಂದ ಆಮದಾಗಿದ್ದ ಮರವನ್ನು ವಶಪಡಿಸಿಕೊಂಡರು. ಪೂರೈಕೆ ಕಡಿದುಹೋದ ಆ ಕಾಲದಲ್ಲಿ ಸಂಸ್ಥೆಯು ಕೆಲವು ಮಾದರಿಗಳಿಗೆ ಕಾವಿನಲ್ಲಿ ಹದಗೊಳಿಸಿದ ಮೇಪಲ್ ಮರವನ್ನು, ಇನ್ನು ಕೆಲವಕ್ಕೆ ಕಾಗದ ಮತ್ತು ರಾಳದಿಂದ ಮಾಡಿದ ಪಟ್ಟಿಯನ್ನು ಬಳಸಿತು. ಉಪಯೋಗದಲ್ಲಿ ಕೊರತೆಯಿಲ್ಲದಿದ್ದರೂ ಗಿರಾಕಿಗಳು ಬೀಟೆ, ಎಬೊನಿಗಳನ್ನೇ ಕೇಳಿದರು.

ಹಾಗಾದರೆ ತಪ್ಪು ಎಲ್ಲಿ?

ತಾನೇ ಶ್ರುತಿ ಮಾಡುವ ಗಿಟಾರು 2015ರಲ್ಲಿ ಹಠಾತ್ತಾಗಿ ಹುಟ್ಟಿದುದಲ್ಲ. 2007ರಲ್ಲಿಯೇ ಗಿಬ್ಸನ್ 'ರೋಬೋಟ್ ಗಿಟಾರ್' ಎಂಬ ಪ್ರತ್ಯೇಕ ಮಾದರಿಯನ್ನು ಬಿಡುಗಡೆ ಮಾಡಿತ್ತು. 2013 ಮತ್ತು 2014ರಲ್ಲಿ ಇಂತಹುದೇ ಸಾಧನ ಕೆಲವು ಮಾದರಿಗಳಲ್ಲಿ ಲಭ್ಯವಿತ್ತು. ಬೇಕಾದವರು ಕೊಂಡರು, ಬೇಡವಾದವರು ಬಿಟ್ಟರು, ಗದ್ದಲವಾಗಲಿಲ್ಲ. 2015ರಲ್ಲಾದ ವ್ಯತ್ಯಾಸವೆಂದರೆ, ಆಯ್ಕೆಯಾಗಿದ್ದುದು ಕಡ್ಡಾಯವಾಯಿತು. ಅಮೆರಿಕದಲ್ಲಿ ತಯಾರಾಗುವ ಸಾಮಾನ್ಯ ಶ್ರೇಣಿಯ ಬಹುತೇಕ ಎಲ್ಲ ವಿದ್ಯುತ್ ಗಿಟಾರುಗಳಿಗೂ ಒಂದೇ ವರ್ಷದಲ್ಲಿ ಇದು ಅನ್ವಯವಾಯಿತು. ಜೊತೆಗೆ ಬೆಲೆಯೂ ಸರಾಸರಿ ಸುಮಾರು ಶೇ. 29ರಷ್ಟು ಏರಿತು.

ಈ ಶೇ. 29ರ ಅರ್ಥವನ್ನು ವರ್ತಕನ ಗಲ್ಲಾಪೆಟ್ಟಿಗೆಯ ಬದಿಯಿಂದ ನೋಡಬೇಕು. ಖರೀದಿ ದರವೂ ಅದೇ ಪ್ರಮಾಣದಲ್ಲಿ ಏರಿತೆಂದು ಭಾವಿಸಿದರೆ, ಹಿಂದೆ 100 ಗಿಟಾರು ಕೊಳ್ಳುತ್ತಿದ್ದ ದುಡಿಯುವ ಬಂಡವಾಳಕ್ಕೆ ಈಗ 77 ಮಾತ್ರ ಬರುತ್ತವೆ. ಉಳಿದ 23ಕ್ಕೆ ಬ್ಯಾಂಕಿನ ಓವರ್‌ಡ್ರಾಫ್ಟ್ ಹೆಚ್ಚಿಸಬೇಕು, ಇಲ್ಲವೇ ಅಂಗಡಿಯ ಗೋಡೆ ಖಾಲಿ ಬಿಡಬೇಕು. ಸರಕು ಮಾರಾಟವಾಗದೆ ನಿಂತರೆ ಬಡ್ಡಿ ಬೆಳೆಯುತ್ತದೆ. ವರ್ಷಾಂತ್ಯದಲ್ಲಿ ದಾಸ್ತಾನಿನ ಮೌಲ್ಯವನ್ನು ಅಸಲು ಬೆಲೆ ಅಥವಾ ಮಾರಿದರೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ರಿಯಾಯಿತಿಯಲ್ಲಿ ಬಿಕರಿಯಾಗತೊಡಗಿದ ಸರಕು ಹೀಗೆ ವರ್ತಕನ ಲಾಭವನ್ನು ಮಾರಾಟಕ್ಕೆ ಮೊದಲೇ ತಿಂದುಹಾಕುತ್ತದೆ. ವರ್ತಕನ ಕೋಪಕ್ಕೆ ಮೋಟಾರು ಕಾರಣವಾಗಿರಲಿಲ್ಲ. ಬೇರೆ ಮಾದರಿ ತರಿಸುವ ಅವಕಾಶ ತಪ್ಪಿಹೋದುದೇ ಕಾರಣ.

ಎಲ್ಲವನ್ನೂ ಒಂದೇ ಬೆಲೆಯಲ್ಲಿ ಕಟ್ಟಿ ಮಾರಿದುದರಿಂದ ಮತ್ತೊಂದು ನಷ್ಟವೂ ಆಯಿತು. ಶ್ರುತಿ ಯಂತ್ರಕ್ಕೆ ಪ್ರತ್ಯೇಕ ಬೆಲೆ ಇದ್ದಿದ್ದರೆ, ಅದಕ್ಕಾಗಿ ಎಷ್ಟು ಮಂದಿ ಎಷ್ಟು ಹಣ ತೆರಲು ಸಿದ್ಧರೆಂಬುದನ್ನು ಮಾರುಕಟ್ಟೆಯೇ ಹೇಳುತ್ತಿತ್ತು. ಆ ಮಾಹಿತಿ ಸಂಸ್ಥೆಗೆ ದೊರೆಯಲಿಲ್ಲ. ಗಿರಾಕಿಯಾದರೋ ಏರಿದ ಬೆಲೆಯಷ್ಟನ್ನೂ ತಾನು ಕೇಳದ ಯಂತ್ರದ ಲೆಕ್ಕಕ್ಕೇ ಬರೆದುಕೊಂಡನು.

2016ರಲ್ಲಿ ಸಂಸ್ಥೆ ಈ ತಪ್ಪನ್ನು ತಿದ್ದಿಕೊಂಡಿತು. ಸಾಂಪ್ರದಾಯಿಕ ಶ್ರೇಣಿ ಒಂದು, ಹೊಸ ಸೌಲಭ್ಯಗಳ ಶ್ರೇಣಿ ಇನ್ನೊಂದು ಎಂದು ವಿಂಗಡಿಸಿತು. ಅದೇ ಯಂತ್ರವನ್ನು ಅದೇ ಸಂಸ್ಥೆ ಆಯ್ಕೆಯ ರೂಪದಲ್ಲಿ ಇನ್ನೂ ಕೆಲವು ವರ್ಷ ಮಾರಿತು. ಒಂದು ವರ್ಷ ಮೊದಲೇ ಹೀಗೆ ಮಾಡಿದ್ದರೆ ವಿನ್ಯಾಸಕ್ಕೆ ಕೆಟ್ಟ ಹೆಸರು ಬರುತ್ತಿರಲಿಲ್ಲ. ಆಗಿಹೋದ ಅಪಕೀರ್ತಿಯನ್ನು ಮಾತ್ರ ತೊಡೆಯಲಾಗಲಿಲ್ಲ. 2019ರ ಹೊಸ ಶ್ರೇಣಿಯಲ್ಲಿ ಶ್ರುತಿ ಯಂತ್ರವನ್ನು ಕೈಬಿಡಲಾಯಿತು.

ದಿವಾಳಿಯ ಲೆಕ್ಕ

ಇನ್ನು ಅತ್ಯಂತ ಗಂಭೀರವಾದ ಆರೋಪ: ಮರುವಿನ್ಯಾಸವೇ ಸಂಸ್ಥೆಯನ್ನು ಮುಳುಗಿಸಿತೆಂಬುದು. 1986ರಲ್ಲಿ ಸುಮಾರು 50 ಲಕ್ಷ ಡಾಲರಿಗೆ ಗಿಬ್ಸನ್ ಅನ್ನು ಕೊಂಡು ಮೇಲೆತ್ತಿದ ಹೆನ್ರಿ ಜಸ್ಕಿವಿಚ್ ಮತ್ತು ಅವರ ಪಾಲುದಾರರು, ಮುಂದೆ ಅದನ್ನು ಗೃಹಬಳಕೆಯ ಶ್ರವಣ ಸಾಧನಗಳ ದೊಡ್ಡ ಸಂಸ್ಥೆಯಾಗಿಸಲು ಹೊರಟರು. ಜಪಾನಿನ ಟೀಕ್ ಮತ್ತು ಒಂಕ್ಯೊ ಸಂಸ್ಥೆಗಳಲ್ಲಿ ಹಣ ತೊಡಗಿಸಿದರು. 2014ರಲ್ಲಿ ಫಿಲಿಪ್ಸ್ ಸಂಸ್ಥೆಯ ಗೃಹ ಮನರಂಜನಾ ಸಾಧನಗಳ ವ್ಯವಹಾರವನ್ನು 13.5 ಕೋಟಿ ಡಾಲರಿಗೆ ಕೊಂಡರು. ಆ ವ್ಯವಹಾರ ನಿರೀಕ್ಷಿಸಿದ ಫಲ ಕೊಡಲಿಲ್ಲ. ಇತ್ತ 37.5 ಕೋಟಿ ಡಾಲರ್ ಮೊತ್ತದ ಸಾಲಪತ್ರಗಳ ಮರುಪಾವತಿ 2018ರ ಆಗಸ್ಟ್‌ಗೆ ಬರಬೇಕಿತ್ತು.

2018ರ ಮೇ 1ರಂದು ಸಂಸ್ಥೆಯು ಅಮೆರಿಕದ ದಿವಾಳಿ ಕಾಯಿದೆಯ 11ನೆಯ ಅಧ್ಯಾಯದ ಅಡಿಯಲ್ಲಿ ರಕ್ಷಣೆ ಕೋರಿತು. ಆಗ ಮುಂದಿಟ್ಟ ಪುನಶ್ಚೇತನ ಯೋಜನೆಯ ತಿರುಳೇ ಇಡೀ ವಿವಾದಕ್ಕೆ ಉತ್ತರ: ಫಿಲಿಪ್ಸ್‌ನಿಂದ ಕೊಂಡ ವ್ಯವಹಾರವನ್ನು ಮುಚ್ಚುವುದು, ವಾದ್ಯಗಳ ವ್ಯವಹಾರವನ್ನು ಮುಂದುವರಿಸುವುದು. ಅದೇ ವರ್ಷದ ನವೆಂಬರಿನಲ್ಲಿ ಕೆಕೆಆರ್ ಹೂಡಿಕೆ ಸಂಸ್ಥೆಯ ಒಡೆತನದಲ್ಲಿ ಗಿಬ್ಸನ್ ಹೊರಬಂದಾಗ ಉಳಿದುಕೊಂಡಿದ್ದುದು ಗಿಟಾರೇ. ಹಾಸಿಗೆಗಿಂತ ಉದ್ದಕ್ಕೆ ಕಾಲು ಚಾಚಿದ್ದು ಸಾಲದ ಖಾತೆ. ಬರೆ ಬಿದ್ದುದು ವಿನ್ಯಾಸದ ಮೇಲೆ.

ಉದ್ಯಮಿಗಳು ಗಮನಿಸಬೇಕಾದುದು

ಈ ಪ್ರಸಂಗದಿಂದ 'ಹಳೆಯ ಸರಕನ್ನು ಮುಟ್ಟಬಾರದು' ಎಂಬ ಪಾಠ ಕಲಿಯುವ ಸಣ್ಣ ಕೈಗಾರಿಕೋದ್ಯಮಿ ತಪ್ಪು ಪುಟವನ್ನು ಓದಿದಂತಾಗುತ್ತದೆ. ಗಮನಿಸಬೇಕಾದ ಅಂಶಗಳು ಇವು:

1. ಹೊಸ ಮಾದರಿಯನ್ನು ಹಳೆಯದರ ಪಕ್ಕದಲ್ಲಿಡಬೇಕು. ಹಳೆಯದನ್ನು ನಿಲ್ಲಿಸುವ ತೀರ್ಮಾನವನ್ನು ಮಾರಾಟದ ಅಂಕಿಗಳು ಮಾಡಲಿ.

2. ವಿನ್ಯಾಸದ ಬದಲಾವಣೆ ಮತ್ತು ಬೆಲೆ ಏರಿಕೆಯನ್ನು ಸಾಧ್ಯವಾದಷ್ಟು ಒಂದೇ ದಿನ ಜಾರಿಗೊಳಿಸಬಾರದು. ಎರಡೂ ಸೇರಿದರೆ ಸೋಲು ಯಾವುದರಿಂದ ಬಂದಿತೆಂಬುದು ತಿಳಿಯುವುದಿಲ್ಲ.

3. ಹೊಸ ಸೌಲಭ್ಯದ ತಯಾರಿಕಾ ವೆಚ್ಚ ಮತ್ತು ಆದಾಯವನ್ನು ಪ್ರತ್ಯೇಕ ಶೀರ್ಷಿಕೆಯಲ್ಲಿ ಬರೆದಿಡಬೇಕು.

4. ಹೊಸ ಸರಕಿನ ಮೊದಲ ವರ್ಷದ ನಷ್ಟಭಯವನ್ನು ವರ್ತಕನೊಬ್ಬನ ಮೇಲೆ ಹೊರಿಸಬಾರದು. ಉಳಿದ ಸರಕನ್ನು ಮರಳಿ ಪಡೆಯುವ ಷರತ್ತು ಮೊದಲೇ ಇದ್ದರೆ ಅವನೇ ಉತ್ತಮ ಪ್ರಚಾರಕನಾಗುತ್ತಾನೆ.

5. ಒಂದು ವ್ಯವಹಾರದ ಸಾಲದಿಂದ ಇನ್ನೊಂದು ವ್ಯವಹಾರ ಸೊರಗಿದಾಗ, ಸೊರಗಿದುದನ್ನೇ ದೂಷಿಸದೆ ಸಾಲದ ಮೂಲವನ್ನು ಹುಡುಕಬೇಕು.

2015ರ ಗಿಟಾರುಗಳನ್ನು ಅಂದು ರಿಯಾಯಿತಿ ದರದಲ್ಲಿ ಕೊಂಡ ವಾದಕರ ಕೈಯಲ್ಲಿ ಅವು ಇಂದಿಗೂ ನುಡಿಯುತ್ತಿವೆ. ಯಂತ್ರ ಬೇಡವಾದವರು ಅದನ್ನು ಕಳಚಿ ಸಾಮಾನ್ಯ ಬಿರಡೆಗಳನ್ನು ಹಾಕಿಕೊಂಡರು. ಮರ, ನಾದ, ಕೆಲಸಗಾರಿಕೆ ಇವುಗಳಲ್ಲಿ ವಾದ್ಯವು ಗಿಬ್ಸನ್ ಗಿಟಾರೇ ಆಗಿತ್ತು. ಗಿರಾಕಿಯು ಕಳಚಬಹುದಾಗಿದ್ದುದನ್ನು ಬೇಡವೆನ್ನುವ ಹಕ್ಕನ್ನು ಕಾರ್ಖಾನೆಯೇ ಅವನಿಗೆ ಮೊದಲು ಕೊಟ್ಟಿದ್ದರೆ, ಇಷ್ಟು ದೊಡ್ಡ ವಿವಾದಕ್ಕೆ ಎಡೆಯೇ ಇರುತ್ತಿರಲಿಲ್ಲ.