ಮೇಜಿನ ಮೇಲೊಂದು ರೈಲ್ವೆ ಸಿಗ್ನಲ್

ದೆಹಲಿಯ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ ನೋಡಿ ಬಂದ ಮಕ್ಕಳಿಗೆ ಆಟದ ರೈಲು ಬೇಕೇ ಬೇಕು. ಅದಕ್ಕೂ ಮೊದಲು ಅವರಿಂದ ಒಂದು ಸಿಗ್ನಲ್ ಮಾಡಿಸಿ. ನಾಲ್ಕು ಎಲ್‌ಇಡಿ, ಒಂದು ಮೈಕ್ರೋಕಂಟ್ರೋಲರ್ ಬೋರ್ಡ್, ಅರ್ಧ ದಿನದ ಬಿಡುವು ಇದ್ದರಾಯಿತು. ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದವರೂ ಜೊತೆಗೆ ಕೂರಬಹುದು.

ಮೈಕ್ರೋಕಂಟ್ರೋಲರ್ ಅಂದರೆ ಒಂದೇ ಚಿಪ್ಪಿನಲ್ಲಿರುವ ಪುಟ್ಟ ಕಂಪ್ಯೂಟರ್. ನಾವು ಬರೆದುಕೊಟ್ಟ ಆದೇಶಗಳನ್ನು ನೆನಪಿಟ್ಟುಕೊಂಡು ಒಂದಾದ ಮೇಲೊಂದು ಪಾಲಿಸುತ್ತದೆ. ಅದನ್ನು ಸುಲಭವಾಗಿ ಬಳಸುವಂತೆ ಕೂರಿಸಿರುವ ಬೋರ್ಡುಗಳಲ್ಲಿ ಆರ್ಡುಯಿನೋ ಊನೋ ಹೆಸರಾದದ್ದು. ಆರ್ಡುಯಿನೋ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರೆಯಾ ಊರಿನಲ್ಲಿ, ವಿನ್ಯಾಸದ ವಿದ್ಯಾರ್ಥಿಗಳಿಗಾಗಿ.

ಹೊಸಬರಿಗೆ ಸಾಮಾನ್ಯವಾಗಿ ಒಂದು ದೀಪ ಮಿನುಗಿಸುವುದನ್ನು ಹೇಳಿಕೊಡುತ್ತಾರೆ. ನನಗೆ ಸಿಗ್ನಲ್ ಹೆಚ್ಚು ಇಷ್ಟ. ಇಲ್ಲಿ ಪ್ರತಿ ದೀಪಕ್ಕೂ ಅರ್ಥವಿದೆ, ಹಾಗಾಗಿ ಪ್ರೋಗ್ರಾಮ್ ತಪ್ಪಿದರೆ ಮಗುವಿಗೇ ಗೊತ್ತಾಗುತ್ತದೆ. ನಮ್ಮ ರೈಲ್ವೆಯ ನಾಲ್ಕು ದೀಪದ ಸಿಗ್ನಲ್‌ನಲ್ಲಿ ಮೇಲಿನಿಂದ ಹಳದಿ, ಹಸಿರು, ಹಳದಿ, ಕೆಂಪು ಇರುತ್ತವೆ. ಕೆಂಪು ಎಂದರೆ ನಿಲ್ಲು. ಒಂದೇ ಹಳದಿ ಎಂದರೆ ಮುಂದಿನ ಸಿಗ್ನಲ್‌ನಲ್ಲಿ ನಿಲ್ಲಲು ಸಿದ್ಧನಿರು. ಎರಡೂ ಹಳದಿ ಉರಿದರೆ ಮುಂದಿನ ಸಿಗ್ನಲ್ ಹೊತ್ತಿಗೆ ವೇಗ ತಗ್ಗಿಸಲು ಸಿದ್ಧನಿರು. ಹಸಿರು ಕಂಡರೆ ಹೊರಡು. ಎರಡು ಹಳದಿ ಯಾಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ವೇಗವಾಗಿ ಬರುವ ಭಾರದ ರೈಲು ಬ್ರೇಕ್ ಹಾಕಿದ ತಕ್ಷಣ ನಿಲ್ಲದು, ಚಾಲಕನಿಗೆ ಬಹಳ ಮುಂಚೆಯೇ ಸೂಚನೆ ಬೇಕು.

ಈಗ ಜೋಡಣೆ. ಬ್ರೆಡ್‌ಬೋರ್ಡ್ ಎಂಬ ತೂತುಗಳ ಹಲಗೆ ಇದ್ದರೆ ಬೆಸುಗೆ ಹಾಕುವ ಕೆಲಸವಿಲ್ಲ. ಅದರಲ್ಲಿ ಒಂದು ಸಾಲಿನ ಐದು ತೂತುಗಳು ಒಳಗಿನಿಂದ ಒಂದಕ್ಕೊಂದು ಸೇರಿರುತ್ತವೆ. ಕೆಂಪಿಗೆ ಊನೋ ಬೋರ್ಡಿನ 8ನೇ ಪಿನ್, ಕೆಳಗಿನ ಹಳದಿಗೆ 9, ಹಸಿರಿಗೆ 10, ಮೇಲಿನ ಹಳದಿಗೆ 11 ಇರಲಿ. ಪ್ರತಿ ಪಿನ್ನಿನಿಂದ ತಂತಿ ತಂದು 220 ಓಮ್ ರೆಸಿಸ್ಟರ್‌ಗೆ, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲಿಗೆ ಸೇರಿಸಿ. ಗಿಡ್ಡ ಕಾಲು ಬೋರ್ಡಿನ ಗ್ರೌಂಡ್ ಪಿನ್ನಿಗೆ, ಅಂದರೆ ಜಿಎನ್‌ಡಿಗೆ.

ರೆಸಿಸ್ಟರ್ ಇಲ್ಲದೆ ನಡೆಯದೇ? ಬೇಡ, ಅದನ್ನು ಬಿಡಲೇಬೇಡಿ. ಪಿನ್ ಕೊಡುವುದು 5 ವೋಲ್ಟ್, ಕೆಂಪು ಎಲ್‌ಇಡಿ ಬಳಸುವುದು ಸುಮಾರು 2. ಮಿಕ್ಕ 3 ವೋಲ್ಟ್ ರೆಸಿಸ್ಟರ್ ಮೇಲೆ ಬೀಳುತ್ತದೆ. 3ನ್ನು 220ರಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರ್. ದೀಪಕ್ಕೂ ಪಿನ್ನಿಗೂ ಇದು ಸುರಕ್ಷಿತ. ರೆಸಿಸ್ಟರ್ ಇಲ್ಲದಿದ್ದರೆ ಕರೆಂಟ್ ಮಿತಿಮೀರಿ ಎಲ್‌ಇಡಿ ಸುಡಬಹುದು, ಪಿನ್ನೂ ಹಾಳಾಗಬಹುದು. ಇನ್ನು ಶಾಕ್ ಹೊಡೆಯುವ ಭಯ: ಕಂಪ್ಯೂಟರಿನ ಯುಎಸ್‌ಬಿಯಿಂದ ಬರುವ 5 ವೋಲ್ಟ್ ಶಾಕ್ ಹೊಡೆಯುವುದಿಲ್ಲ. ಮನೆಯ ಪ್ಲಗ್ಗಿನ ಸಹವಾಸಕ್ಕೆ ಮಾತ್ರ ಹೋಗಬಾರದು.

ಪ್ರೋಗ್ರಾಮ್ ಬರೆಯಲು ಆರ್ಡುಯಿನೋ ಐಡಿಇ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪ್ರೋಗ್ರಾಮಿನಲ್ಲಿ ಎರಡು ಭಾಗ. ‘ಸೆಟಪ್’ ಒಮ್ಮೆ ಮಾತ್ರ ನಡೆಯುತ್ತದೆ. ನಾಲ್ಕೂ ಪಿನ್ನುಗಳು ಔಟ್‌ಪುಟ್, ಅಂದರೆ ಹೊರಕ್ಕೆ ವಿದ್ಯುತ್ ಕೊಡುವಂಥವು ಎಂದು ಅಲ್ಲಿ ತಿಳಿಸಿ. ‘ಲೂಪ್’ ಮತ್ತೆ ಮತ್ತೆ ಸುತ್ತುತ್ತದೆ. ರೈಲು ದಾಟಿತೆಂದುಕೊಂಡು ಮೊದಲು ಕೆಂಪು ಹೊತ್ತಿಸಿ. ‘ಡಿಲೇ’ಗೆ 3000 ಕೊಡಿ, ಅಂದರೆ 3 ಸೆಕೆಂಡ್ ಕಾಯುವುದು. ಕೆಂಪು ಆರಿಸಿ ಒಂದು ಹಳದಿ, ಆಮೇಲೆ ಜೋಡಿ ಹಳದಿ, ಕೊನೆಗೆ ಹಸಿರು. ಹಸಿರು ಹೊತ್ತಿಸುವ ಮುನ್ನ ಎರಡೂ ಹಳದಿ ಆರಿಸಿ. ಹೊತ್ತಿಸಲು ನೆನಪಾಗುತ್ತದೆ, ಆರಿಸಲು ಮರೆತುಹೋಗುತ್ತದೆ.

ದೀಪ ಹತ್ತದಿದ್ದರೆ ಎಲ್‌ಇಡಿಯ ಕಾಲುಗಳನ್ನು ಅದಲುಬದಲು ಮಾಡಿ ನೋಡಿ. ಕಂಪ್ಯೂಟರ್ ಬೋರ್ಡನ್ನೇ ಗುರುತಿಸದಿದ್ದರೆ ಕೇಬಲ್ ಬದಲಿಸಿ, ಕೆಲವು ಕೇಬಲ್‌ಗಳು ಚಾರ್ಜ್ ಮಾಡಲಷ್ಟೇ ಆಗುತ್ತವೆ. ಖರ್ಚು ಮಾಡುವ ಮುನ್ನ ಪರೀಕ್ಷಿಸಬೇಕೆಂದರೆ ಟಿಂಕರ್‌ಕ್ಯಾಡ್ ತಾಣದಲ್ಲಿ ಇದೇ ಸರ್ಕ್ಯೂಟನ್ನು ಪರದೆಯ ಮೇಲೆ ಪುಕ್ಕಟೆಯಾಗಿ ಕಟ್ಟಬಹುದು.

ಮೂಲ ಊನೋ ಬೋರ್ಡ್ ದುಬಾರಿ. ಅದೇ ವಿನ್ಯಾಸದ ಬೇರೆ ತಯಾರಿಕೆಯದು ಸುಮಾರು 400ರಿಂದ 600 ರೂಪಾಯಿಗೆ ಸಿಗುತ್ತದೆ, ಕಲಿಕೆಗೆ ಧಾರಾಳವಾಯಿತು. ಬ್ರೆಡ್‌ಬೋರ್ಡ್, ತಂತಿಗಳಿಗೆ ಇನ್ನೊಂದಿನ್ನೂರು. ಎಲ್‌ಇಡಿ, ರೆಸಿಸ್ಟರ್‌ಗಳು ಚಿಲ್ಲರೆ ಕಾಸಿಗೆ ಬರುತ್ತವೆ, ನಾಲ್ಕರ ಬದಲು ಹತ್ತು ತನ್ನಿ.

ತರಲು ಕೆಂಪುಕೋಟೆಯ ಎದುರಿನ ಲಾಜ್‌ಪತ್ ರಾಯ್ ಮಾರ್ಕೆಟ್‌ಗೆ ಹೋಗಿ. ಚಾಣಕ್ಯಪುರಿ ಕಡೆಯವರು ಪಿಂಕ್ ಲೈನ್ ಮೆಟ್ರೋವನ್ನು ಸರ್ ಎಂ. ವಿಶ್ವೇಶ್ವರಯ್ಯ ಮೋತಿ ಬಾಗ್ ನಿಲ್ದಾಣದಲ್ಲಿ ಹತ್ತಬಹುದು. ನಮ್ಮ ನಾಡಿನ ಇಂಜಿನಿಯರ್ ಹೆಸರಿನ ಆ ನಿಲ್ದಾಣವನ್ನು ಮಕ್ಕಳಿಗೆ ತೋರಿಸಿ. ಲಾಜ್‌ಪತ್ ನಗರದಲ್ಲಿ ವಯಲೆಟ್ ಲೈನ್‌ಗೆ ಬದಲಾಯಿಸಿ, ಲಾಲ್ ಕಿಲಾದಲ್ಲಿ ಇಳಿಯಿರಿ. ಹೆಸರು ಕೇಳಿ ಲಾಜ್‌ಪತ್ ನಗರದಲ್ಲೇ ಹೊರಬರಬೇಡಿ, ಅದು ಬಟ್ಟೆ ಮಾರುಕಟ್ಟೆ. ಭಾನುವಾರ ಲಾಜ್‌ಪತ್ ರಾಯ್ ಮಾರ್ಕೆಟ್‌ಗೆ ರಜೆ, ಶನಿವಾರವೇ ಹೋಗಿ. ರಜೆಗೆ ಬೆಂಗಳೂರಿಗೆ ಹೊರಟವರಿಗೆ ಎಸ್.ಪಿ. ರೋಡಿನಲ್ಲಿ ಇದೆಲ್ಲವೂ ಸಿಗುತ್ತದೆ.