ಅಡಿಕೆ ಲಾರಿಯೂ ಜಾಲದ ಪಾಠವೂ

ಮರ್ಕಂಜದಿಂದ 50,000 ರೂಪಾಯಿಗೂ ಮಿಗಿಲಾದ ಅಡಿಕೆ ಹೊರರಾಜ್ಯಕ್ಕೆ ಹೊರಡಬೇಕಾದರೆ, 2018ರ ಏಪ್ರಿಲ್‌ನಿಂದ ಇ-ವೇ ಬಿಲ್ ಕಡ್ಡಾಯ. ಅಂತರ್ಜಾಲ ಕೈಕೊಟ್ಟರೆ ಲಾರಿ ಅಂಗಳದಲ್ಲಿಯೇ ಕಾಯಬೇಕಾಗುತ್ತದೆ. ದೋಷವೆಲ್ಲಿದೆ?

ಸುಳ್ಯದಲ್ಲಿ 1986ರಲ್ಲಿ ಆರಂಭವಾದ ಕೆ.ವಿ.ಜಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಂತೆ ಅಭ್ಯಸಿಸುವ ಕಂಪ್ಯೂಟರ್ ನೆಟ್‌ವರ್ಕ್ಸ್ ವಿಷಯ ಇದಕ್ಕೆ ದಾರಿ ತೋರುತ್ತದೆ. ತಂತಿಯಿಂದ ತಂತ್ರಾಂಶದವರೆಗೆ ಜಾಲವನ್ನು ಪದರಗಳಾಗಿ ವಿಂಗಡಿಸಿ, ಒಂದೊಂದನ್ನೇ ಪರೀಕ್ಷಿಸುವ ಕ್ರಮವದು. ವೋಚರಿನಿಂದ ಅಢಾವೆ ಪತ್ರಿಕೆಯವರೆಗೆ ಸಾಗುವ ನಮ್ಮ ಲೆಕ್ಕಪರಿಶೋಧನೆಯಂತೆಯೇ. ರೌಟರಿನ ದೀಪ ಉರಿಯುತ್ತಿದ್ದರೂ, ಜಾಲತಾಣದ ಹೆಸರನ್ನು ಅಂಕಿಗಳ ವಿಳಾಸವಾಗಿಸುವ ಡಿ.ಎನ್.ಎಸ್. ವ್ಯವಸ್ಥೆ ಕೆಟ್ಟಿರಬಹುದು. ಆಗ ತಂತಿ ಬದಲಿಸುವುದು ದಂಡದ ಖರ್ಚು!

ಆದರೆ ಪ್ರಯೋಗಾಲಯದಲ್ಲಿ ಜಾಲವನ್ನು ಬಹುಮಟ್ಟಿಗೆ ಕಂಪ್ಯೂಟರಿನೊಳಗೇ ಅನುಕರಿಸಲಾಗುತ್ತದೆ. ಮಲೆನಾಡಿನ ಅಂಚಿನ ಆಷಾಢದ ಮಳೆ ಅಲ್ಲಿಲ್ಲ. ವರ್ತಕ ಬಂಧುಗಳು ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಕರೆಸಿ, ತಮ್ಮ ಮಳಿಗೆಯ ಜಾಲವನ್ನು ತಪಾಸಣೆ ಮಾಡಿಸಿ, ದೋಷಪಟ್ಟಿ ಬರೆಸಿಕೊಳ್ಳಬೇಕು, ಗೌರವಧನ ಕೊಟ್ಟೇ.